ಮಿಣುಕುವ ದೀಪ, ಎಲೆಕ್ಟ್ರಿಷಿಯನ್ ಹೇಳುವ ರೇಟು

ಫಾಲ್ಸ್ ಸೀಲಿಂಗಿನ ಎಲ್‌ಇಡಿ ಸ್ಪಾಟ್‌ಲೈಟ್ ಮಿಣುಕತೊಡಗಿದರೆ ಬಹಳ ಸಲ ಕೆಟ್ಟಿರುವುದು ದೀಪವಲ್ಲ, ಅದರ ಹಿಂದಿರುವ ಡ್ರೈವರ್. 230 ವೋಲ್ಟಿನ ಎಸಿ ಕರೆಂಟನ್ನು ಎಲ್‌ಇಡಿಗೆ ಒಗ್ಗುವ ಡಿಸಿಗೆ ಬದಲಿಸುವ ಪುಟ್ಟ ಡಬ್ಬಿ ಅದು. ಗಾಳಿಯಾಡದ ಜಾಗದಲ್ಲಿ ಕಾವು ಏರಿ ಅದರೊಳಗಿನ ಕೆಪಾಸಿಟರ್ ಒಣಗುತ್ತದೆ. ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಕೆಪಾಸಿಟರಿನ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಹಾಗಾಗಿ ಇಡೀ ಫಿಟ್ಟಿಂಗ್ ಬದಲಿಸುವ ರೇಟಿಗೆ ತಲೆಯಾಡಿಸುವ ಮೊದಲು, ಡ್ರೈವರ್ ಮಾತ್ರ ಹಾಕಿದರೆ ಸಾಲದೇ ಎಂದು ಕೇಳಲೇಬೇಕು. ಎಂಸಿಬಿ ಇಳಿಸಿ, ಪಕ್ಕದ ಅದೇ ಮಾದರಿಯ ದೀಪದ ಡ್ರೈವರನ್ನು ಇದಕ್ಕೆ ಜೋಡಿಸಿ ನೋಡಿದರೆ ದೋಷ ಎಲ್ಲಿದೆಯೆಂದು ಎಲೆಕ್ಟ್ರಿಷಿಯನ್‌ಗೂ ಮನೆಯವರಿಗೂ ಅಲ್ಲೇ ತಿಳಿಯುತ್ತದೆ.

ಡ್ರೈವರ್ ಒಳಗೇ ಕೂಡಿಕೊಂಡಿರುವ ಅಗ್ಗದ ಮಾದರಿಗಳಲ್ಲಿ ಇಡಿಯಾಗಿ ಬದಲಿಸದೆ ಬೇರೆ ದಾರಿ ಕಡಿಮೆ, ಅದೂ ನಿಜ. ಆದರೆ ಹತ್ತು ನಿಮಿಷದ ಕೆಲಸಕ್ಕೆ ಇಷ್ಟು ಕೂಲಿಯೇ ಎಂಬ ತಕರಾರು ನನಗೆ ನ್ಯಾಯವೆನಿಸುವುದಿಲ್ಲ. ಏಣಿ ಹೊತ್ತು ಬರುವ ಹೊತ್ತು, ಕತ್ತೆತ್ತಿಯೇ ಮಾಡುವ ದುಡಿಮೆ, ಕರೆಂಟಿನ ಅಪಾಯ, ಸಡಿಲವಾದ ವೈರನ್ನು ನೋಡಿದೊಡನೆ ಗುರುತಿಸುವ ಅನುಭವ ಎಲ್ಲವೂ ಆ ಕೂಲಿಯಲ್ಲಿ ಸೇರಿವೆ. ಚೌಕಾಸಿ ನಡೆಯಬೇಕಾದದ್ದು ಬೇಡದ ಸಾಮಾನಿನ ಮೇಲೆ. ಸಾಮಾನಿನ ಬೆಲೆ, ಕೂಲಿ ಎರಡನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಕೂಲಿಯನ್ನು ಪೂರ್ತಿ ಕೊಡಿ.