ಸಿಗ್ನಲ್ ಸಿಗದ ಊರಿನವರು

ಪುಣೆಗೆ ಬಂದು ನೆಲೆಸಿ ಇಪ್ಪತ್ತೆರಡು ವರ್ಷಗಳಾದರೂ ಯಾರಾದರೂ "ನಿಮ್ಮೂರು ಯಾವುದು?" ಎಂದು ಕೇಳಿದರೆ ನಮಗೆ ಉತ್ತರ ಹೊಳೆಯುವುದಿಲ್ಲ. ಸಾಗರ ಎಂದರೆ ಪೂರ್ತಿ ನಿಜವಲ್ಲ. ತುಮರಿ ಎಂದರೆ ಕೇಳಿದವರಿಗೆ ತಿಳಿಯದು. ಕೊನೆಗೆ "ಶರಾವತಿ ಹಿನ್ನೀರಿನ ಆಚೆ ದಡ" ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಹಳೆಯ ಮನೆ 1964ರಲ್ಲಿ ಲಿಂಗನಮಕ್ಕಿಯ ನೀರಿನೊಳಗೆ ಸೇರಿತು. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನ ದಡದಲ್ಲಿ ಕಟ್ಟಿಕೊಂಡ ಹೊಸ ಮನೆಗೆ ಕರೆಂಟು ಬಂದದ್ದು ತಡವಾಗಿ. ಮೊಬೈಲು ಎಲ್ಲರಿಗೂ ಬಂದ ಮೇಲೂ ಮನೆಯಿಂದ ಮಾತಾಡುವುದು ಸಾಧ್ಯವಿರಲಿಲ್ಲ. ತೋಟದ ಮೇಲಿನ ಗುಡ್ಡ ಹತ್ತಿ ಒಂದು ಬಂಡೆಯ ಮೇಲೆ ಪೂರ್ವಕ್ಕೆ ಮುಖಮಾಡಿ ನಿಂತರೆ ಒಂದು ಗೆರೆ ಸಿಗ್ನಲ್ ಬರುತ್ತಿತ್ತು. ಊರಿನವರು ಅದಕ್ಕೆ ಫೋನುಬಂಡೆ ಎಂದೇ ಹೆಸರಿಟ್ಟರು.

(ಈ ಬರಹವನ್ನು ನಾವಿಬ್ಬರೂ ಕೂಡಿ ಬರೆದಿದ್ದೇವೆ. ನಮ್ಮಲ್ಲಿ ಮಗ ಯಾರು, ಸೊಸೆ ಯಾರು ಎಂಬುದನ್ನು ಓದುಗರು ಊಹಿಸಿಕೊಳ್ಳಲಿ. ಇಬ್ಬರಿಗೂ ಅವರು ಅಮ್ಮನೇ.)

ಈ ಪೀಠಿಕೆ ಏಕೆಂದರೆ, ಒಂದು ಫೆಬ್ರವರಿಯಲ್ಲಿ ಅಮ್ಮ ನಮ್ಮಲ್ಲಿಗೆ ಬಂದಿದ್ದಾಗ ಅವರನ್ನೂ ಮಗಳನ್ನೂ ಕರೆದುಕೊಂಡು ಖೋಡದ್ ಎಂಬ ಹಳ್ಳಿಗೆ ಹೋಗಿದ್ದೆವು. ನಾಸಿಕ್ ರಸ್ತೆಯಲ್ಲಿ ಎಂಬತ್ತು ಕಿಲೋಮೀಟರು. ನಾರಾಯಣಗಾಂವ್‌ನಲ್ಲಿ ಬಲಕ್ಕೆ ತಿರುಗಬೇಕು. ದ್ರಾಕ್ಷಿ ತೋಟಗಳ ಹಿಂದಿನಿಂದ ಬಿಳಿಯ ದೊಡ್ಡ ದೊಡ್ಡ ಬಟ್ಟಲುಗಳು ತಲೆಯೆತ್ತುತ್ತವೆ. ನಮ್ಮ ಸಂಘದ ಬಂಧುಗಳಲ್ಲಿ ಅನೇಕರು ಅವನ್ನು ದೂರದಿಂದ ನೋಡಿ, ಸೈನ್ಯದ್ದೇನೋ ಇರಬೇಕೆಂದು ಮುಂದೆ ಹೋಗಿರಬಹುದು. ಅದು ಜಿಎಂಆರ್‌ಟಿ, ರೇಡಿಯೋ ದೂರದರ್ಶಕ. ವಿಜ್ಞಾನ ದಿನದ ಸುಮಾರಿಗೆ ಸಾರ್ವಜನಿಕರನ್ನು ಒಳಗೆ ಬಿಡುತ್ತಾರೆ.

ಬಾಗಿಲಲ್ಲೇ ಸೂಚನೆ: ಮೊಬೈಲ್ ಫೋನುಗಳನ್ನು ಪೂರ್ತಿ ಆರಿಸಬೇಕು. ಮಗಳ ಮುಖ ಬಾಡಿತು. ಅಮ್ಮನಿಗೆ ಕಾರಣ ಹೇಳಿದೆವು: ಇಲ್ಲಿ ಆಕಾಶದಿಂದ ಬರುವ ಬಹಳ ಸಣ್ಣ ಸದ್ದನ್ನು ಕೇಳುತ್ತಾರೆ, ಫೋನಿನ ಗಲಾಟೆ ಇದ್ದರೆ ಕೇಳಿಸುವುದಿಲ್ಲ ಎಂದು. ಅಮ್ಮ ಸುತ್ತ ನೋಡಿ, "ಇಷ್ಟಕ್ಕೆ ಇಷ್ಟು ದೂರ ಎಂತಕ್ಕೆ ಬಂದ್ರಾ? ನಮ್ಮನೆ ಅಂಗಳದಲ್ಲೇ ಇಡಬಹುದಿತ್ತಲ್ಲ! ಅಲ್ಲಿ ಯಾರ ಫೋನೂ ಬಡ್ಕೊಳ್ಳೋದಿಲ್ಲ" ಎಂದರು. ನಾವು ನಕ್ಕೆವು. ಅಮ್ಮನ ಮಾತಿನಲ್ಲಿ ಎಷ್ಟು ವಿಜ್ಞಾನವಿತ್ತೆಂಬುದು ನಮಗೆ ಆಮೇಲೆ ತಿಳಿಯಿತು.

ಮೂವತ್ತು ಬಟ್ಟಲುಗಳು, ಒಂದೊಂದರ ಅಗಲ 45 ಮೀಟರು. ಹದಿನಾಲ್ಕು ನಡುವಿನಲ್ಲಿ ಒಟ್ಟಾಗಿವೆ; ಉಳಿದವು ಮೂರು ತೋಳುಗಳಾಗಿ ಹೊಲಗದ್ದೆಗಳ ನಡುವೆ ಸುಮಾರು 25 ಕಿಲೋಮೀಟರಿನಷ್ಟು ಹರಡಿವೆ. ಹತ್ತಿರ ಹೋಗಿ ನೋಡಿದರೆ ಬಟ್ಟಲಿನ ಮೈಯೆಲ್ಲ ತಂತಿಯ ಬಲೆ. "ಜರಡಿಯಲ್ಲಿ ನೀರು ಹಿಡಿದ ಹಾಗಾಯ್ತು" ಎಂದರು ಅಮ್ಮ. ವಿವರಿಸುತ್ತಿದ್ದ ಹುಡುಗನಿಗೆ ಅದನ್ನು ಮರಾಠಿಗೆ ತಿರುಗಿಸಿ ಹೇಳಿದಾಗ ಅವನು ಖುಷಿಯಾಗಿ, "ಆಜಿ, ಇಲ್ಲಿ ಹಿಡಿಯುವ ಅಲೆ ಜರಡಿಯ ತೂತಿಗಿಂತ ಬಹಳ ಉದ್ದ, ಅದು ಸೋರಿ ಹೋಗುವುದಿಲ್ಲ" ಎಂದ. ಬಲೆಯಾದ್ದರಿಂದ ಗಾಳಿ ಹಾಯ್ದು ಹೋಗುತ್ತದೆ, ಭಾರ ಕಡಿಮೆ, ಖರ್ಚೂ ಕಡಿಮೆ. ಇದರ ರೂವಾರಿ ಪ್ರೊಫೆಸರ್ ಗೋವಿಂದ ಸ್ವರೂಪ್ ಅವರು 2020ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲು, 1970ರಲ್ಲಿ, ಊಟಿಯ ಗುಡ್ಡದ ಇಳಿಜಾರಿನ ಮೇಲೆ 530 ಮೀಟರ್ ಉದ್ದದ ದೂರದರ್ಶಕವನ್ನು ಮಲಗಿಸಿದವರೂ ಅವರೇ. ಆ ಇಳಿಜಾರು ಸರಿಸುಮಾರು ಆ ಊರಿನ ಅಕ್ಷಾಂಶದಷ್ಟೇ ಇದ್ದುದರಿಂದ ಗುಡ್ಡವೇ ಅರ್ಧ ಯಂತ್ರವಾಯಿತು. ಇಂಥ ಜಾಣತನ ಕಂಡರೆ ನಮಗೆ ಏಕೋ ಮಲೆನಾಡಿನ ಅಡಿಕೆದಬ್ಬೆಯ ನೀರಾವರಿ ನೆನಪಾಗುತ್ತದೆ.

ಸದ್ದು ಎಷ್ಟು ಸಣ್ಣದು ಎಂಬುದಕ್ಕೆ ಆ ಹುಡುಗ ಒಂದು ಉದಾಹರಣೆ ಕೊಟ್ಟ. ಚಂದ್ರನ ಮೇಲೆ ಒಂದು ಸಾಧಾರಣ ಮೊಬೈಲನ್ನು ಹಚ್ಚಿ ಇಟ್ಟರೆ, ಇಲ್ಲಿಗೆ ಅದು ಆಕಾಶದ ಅತ್ಯಂತ ಪ್ರಖರವಾದ ರೇಡಿಯೋ ನಕ್ಷತ್ರಗಳ ಸಾಲಿನಲ್ಲಿ ಕಾಣುತ್ತದೆ. ಹಾಗಿದ್ದ ಮೇಲೆ ಜೇಬಿನಲ್ಲಿರುವ ಮೊಬೈಲಿನ ಗತಿಯೇನು? ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ವರ್ಷಗಟ್ಟಲೆ ಒಂದು ವಿಚಿತ್ರ ಸಂಕೇತ ಬರುತ್ತಿತ್ತಂತೆ. 2015ರಲ್ಲಿ ಕಳ್ಳ ಸಿಕ್ಕಿಬಿದ್ದ: ಅಲ್ಲಿಯ ಅಡುಗೆಮನೆಯ ಮೈಕ್ರೋವೇವ್ ಒಲೆ. ಸಮಯ ಮುಗಿಯುವ ಮೊದಲೇ ಯಾರೋ ಅವಸರದಿಂದ ಬಾಗಿಲು ತೆಗೆದಾಗ ಒಂದು ಕ್ಷಣ ಹೊರಗೆ ಸೋರಿದ ಅಲೆ ಅದು. ನಮ್ಮ ಮನೆಯಲ್ಲಿ 'ಟಿಂಗ್' ಎನ್ನುವವರೆಗೆ ಕಾಯುವವರು ಒಬ್ಬರೂ ಇಲ್ಲ.

ಇನ್ನು ಕಾನೂನಿನ ಮಾತು. ಅಲೆಗಳಿಗೂ ಕಾನೂನೇ ಎಂದು ಹುಬ್ಬೇರಿಸಬೇಡಿ. ಹೊಲಗದ್ದೆಗೆ ಸರ್ವೆ ನಂಬರಿದ್ದಂತೆ ಅಲೆಗಳಿಗೂ ನಂಬರಿದೆ, ಗಡಿಕಲ್ಲಿದೆ. ಇಷ್ಟರಿಂದ ಇಷ್ಟರವರೆಗೆ ಎಫ್‌ಎಂ ರೇಡಿಯೋ, ಇಲ್ಲಿಂದ ವಿಮಾನ, ಅಲ್ಲಿಂದ ಮೊಬೈಲು ಎಂದು ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲಿ ದೇಶಗಳೆಲ್ಲ ಕೂತು ಹಂಚಿಕೊಳ್ಳುತ್ತವೆ. ಆಮೇಲೆ ನಮ್ಮ ದೂರಸಂಪರ್ಕ ಇಲಾಖೆ ತನ್ನ ರಾಷ್ಟ್ರೀಯ ಆವರ್ತನ ಹಂಚಿಕೆ ಯೋಜನೆಯಲ್ಲಿ ಅದನ್ನು ಬರೆದುಕೊಳ್ಳುತ್ತದೆ. ಬರೀ ಕೇಳುವುದನ್ನೇ ಕಸುಬಾಗಿ ಉಳ್ಳವರಿಗೂ ಒಂದು ಪಾಲು ಬೇಕೆಂದು ಆ ಸಭೆ ಒಪ್ಪಿದ್ದು 1959ರಲ್ಲಿ. ತಮಾಷೆ ನೋಡಿ: ಆಕಾಶಕ್ಕೆ ರೇಡಿಯೋ ಸದ್ದಿದೆ ಎಂದು 1933ರಲ್ಲಿ ಜಗತ್ತಿಗೆ ತಿಳಿಸಿದ ಕಾರ್ಲ್ ಜಾನ್ಸ್ಕಿ ಟೆಲಿಫೋನು ಕಂಪನಿಯ ಎಂಜಿನಿಯರು. ಸಮುದ್ರದಾಚೆ ಫೋನು ಮಾಡಿದರೆ ಬರುವ ಗೊರಗೊರ ಎಲ್ಲಿಯದೆಂದು ಹುಡುಕಹೊರಟು ಆಕಾಶಗಂಗೆಯ ನಡುವಿಗೆ ಹೋಗಿ ಮುಟ್ಟಿದರು. ಫೋನಿಗೆ ಆಕಾಶದ ಕಾಟವೆಂದು ಶುರುವಾದ ಕಥೆ, ಆಕಾಶಕ್ಕೆ ಫೋನಿನ ಕಾಟ ಎಂಬಲ್ಲಿಗೆ ಬಂದು ನಿಂತಿದೆ.

ಈ ಹಂಚಿಕೆಯಲ್ಲಿ 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ತುಂಡು ನಮ್ಮ ಊರಿನ ಗೋಮಾಳವಿದ್ದಂತೆ. ಅಲ್ಲಿ ಯಾರೂ ನೇಗಿಲು ಹೂಡುವಂತಿಲ್ಲ, ಭೂಮಿಯ ಮೇಲಿನ ಯಾವ ಯಂತ್ರವೂ ಸದ್ದು ಹೊರಡಿಸುವಂತಿಲ್ಲ. ಜಲಜನಕದ ಪರಮಾಣು ಹಾಡುವ ಸ್ವರ ಅಲ್ಲಿದೆ, 1420ರಲ್ಲಿ. ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಜಲಜನಕವೇ ಆದ್ದರಿಂದ ಅದನ್ನು ಕಾಯ್ದದ್ದು ಸರಿಯೇ. ಆದರೆ ಗೋಮಾಳಕ್ಕೆ ಬೇಲಿ ಹಾಕಿದವರು ಒಂದನ್ನು ತಡೆಯಲಾರರು. ವಿಶ್ವ ಹಿಗ್ಗುತ್ತಿದೆ, ದೂರದಿಂದ ಬರುವ ಅಲೆ ಬರುಬರುತ್ತ ಉದ್ದವಾಗುತ್ತದೆ, ಸ್ವರ ಇಳಿಯುತ್ತದೆ. ದನ ಬೇಲಿ ದಾಟಿ ಯಾರದೋ ಗದ್ದೆಗೆ ಇಳಿದಂತೆ ಈ ಸ್ವರವೂ ಬೇರೆಯವರ ಪಾಲಿಗೆ ಇಳಿದುಬಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಮತ್ತು ಕೆನಡಾದಲ್ಲಿದ್ದ ಅರ್ಣವ್ ಚಕ್ರವರ್ತಿ, ಇದೇ ಖೋಡದ್‌ನ ಬಟ್ಟಲುಗಳಿಂದ, ಸುಮಾರು 880 ಕೋಟಿ ವರ್ಷಗಳ ಹಿಂದೆ ಹೊರಟ ಜಲಜನಕದ ಸ್ವರವನ್ನು ಹಿಡಿದ ಸುದ್ದಿ 2023ರ ಜನವರಿಯಲ್ಲಿ ಬಂತು. ಅದು ಸಿಕ್ಕಿದ್ದು 1420ರಲ್ಲಲ್ಲ, ಸುಮಾರು 620ರಲ್ಲಿ. ಅಲ್ಲಿ ಬೇಲಿಯಿಲ್ಲ. 2022ರಲ್ಲಿ ಸರ್ಕಾರ ಮೊಬೈಲಿಗೆಂದು ಹರಾಜಿಗಿಟ್ಟ ಪಾಲುಗಳಲ್ಲಿ 600ರ ಪಟ್ಟಿಯೂ ಇತ್ತು. ಆ ಸಲ ಯಾರೂ ಕೂಗಲಿಲ್ಲ. ನಮಗೆ ಆ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೈ ಜುಂ ಎಂದಿತು.

ಇಷ್ಟು ಬರೆದು, ಫೋನು ಬೇಡ, ಟವರು ಬೇಡ, ಆಕಾಶ ಸುಮ್ಮನಿರಲಿ ಎಂದು ನಾವೂ ಹೇಳಿಬಿಡಬಹುದಿತ್ತು. ಹೇಳಲಾರೆವು.

2016ರ ಆಷಾಢದ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ಮಳೆ ಹಿಡಿದಿತ್ತು. ಹೊತ್ತು ಮುಳುಗಿದ ಮೇಲೆ ಲಾಂಚು ಇಲ್ಲ. ಸುತ್ತುಹಾದಿಯಲ್ಲಿ ಹೋಗಲು ಗಾಡಿ ಬೇಕು, ಗಾಡಿ ಕರೆಸಲು ಫೋನು ಬೇಕು. ಪಕ್ಕದ ಮನೆಯ ಹುಡುಗ ಕೊಡೆ ಹಿಡಿದು ಗುಡ್ಡ ಹತ್ತಿದ. ಫೋನುಬಂಡೆಯ ಮೇಲೆ ಅರ್ಧ ಗಂಟೆ ನಿಂತರೂ ಮಾತು ಪೂರ್ತಿಯಾಗಲಿಲ್ಲ. ನಮಗೂ ಮಾಡಿದ್ದನಂತೆ, ಪುಣೆಯಲ್ಲಿ ನಮ್ಮ ಫೋನು ಒಮ್ಮೆ ಬಡಿದುಕೊಂಡಿತು, ಎತ್ತಿದರೆ ಮಳೆಯಂಥ ಸದ್ದು, ಅಷ್ಟೇ. ಬೆಳಿಗ್ಗೆ ಏಳಕ್ಕೆ ಸುದ್ದಿ ಬಂತು. ಟವರಿಗಾಗಿ ಊರಿನವರು ಅರ್ಜಿ ಕೊಟ್ಟದ್ದು ಎಷ್ಟು ಸಲವೋ. ಗಿರಾಕಿಗಳು ಕಡಿಮೆ, ಹಾಕಿದರೆ ನಷ್ಟ ಎಂಬ ಉತ್ತರ ಬಂದಿತ್ತು. ಆ ಊರನ್ನು ಸುಮ್ಮನಿಟ್ಟದ್ದು ಯಾವ ವಿಜ್ಞಾನವೂ ಅಲ್ಲ.

ಆದ್ದರಿಂದ ಇನ್ನೊಂದು ಸುದ್ದಿ ಓದಿದಾಗ ನಮಗೆ ಹೇಗಾಗಿರಬೇಕು, ನೋಡಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಮೊತ್ತಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಜಲಜನಕವನ್ನು ಹುಡುಕುತ್ತಾರೆ. ಅದರ ಸ್ವರ ಇಳಿದು ಇಳಿದು ಎಫ್‌ಎಂ ರೇಡಿಯೋದ ಕೆಳಗೆ ಬಂದು ಕೂತಿರುತ್ತದೆ. 2020ರ ಆರಂಭದಲ್ಲಿ ಅವರು 'ಸಾರಸ್' ಎಂಬ ಉಪಕರಣವನ್ನು ತೆಪ್ಪದಂಥದ್ದರ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟರು. ನೆಲದೊಳಗೆ ಕಲ್ಲು, ಮಣ್ಣು, ತೇವ ಒಂದೊಂದು ಥರ. ನೀರಾದರೆ ಒಂದೇ ಸಮ. ಜೊತೆಗೆ ಸುತ್ತ ರೇಡಿಯೋ ಗದ್ದಲ ಕಡಿಮೆ. ಅಂಥ ಸ್ವರವೊಂದು ತಮಗೆ ಕೇಳಿಸಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಹೇಳಿತ್ತು. ಅದು ಹಾಗಲ್ಲವೆಂದು 2022ರಲ್ಲಿ ನಮ್ಮವರು ತೋರಿಸಿಕೊಟ್ಟರು. ಅಮ್ಮ ಖೋಡದ್‌ನ ಬಾಗಿಲಲ್ಲಿ ನಗೆಯಾಡಿದ್ದನ್ನು ಇವರು ಮೊದಲೇ ಮಾಡಿ ಮುಗಿಸಿದ್ದರು! ನಮ್ಮ ಹಳೆಯ ಅಂಗಳವೂ ಆ ಹಿನ್ನೀರಿನ ಕೆಳಗೇ ಎಲ್ಲೋ ಇದೆ. ಹೆಮ್ಮೆಪಡಬೇಕೋ, ಅಪ್ಪನನ್ನು ನೆನೆದು ಅಳಬೇಕೋ ತಿಳಿಯದೆ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡೆವು.

ಎರಡೂ ಬೇಕು ಎನ್ನುವವರಿಗೆ ದಾರಿಯಿಲ್ಲವೇ? ಇದೆ, ಅದಕ್ಕೇ ಕಾನೂನು. ಟವರನ್ನು ಎಲ್ಲಿ ನಿಲ್ಲಿಸಬೇಕು, ಎತ್ತ ಮುಖ ಮಾಡಿಸಬೇಕು, ಯಾವ ಅಲೆಯಲ್ಲಿ ಮಾತಾಡಿಸಬೇಕು ಎಂದು ಮೊದಲೇ ಕೂತು ಗೊತ್ತುಮಾಡಿದರೆ ಹಳ್ಳಿಗೆ ಫೋನೂ ಉಂಟು, ಆಕಾಶಕ್ಕೆ ಮೌನವೂ ಉಂಟು. ಅಮೆರಿಕದಲ್ಲಿ 1958ರಿಂದಲೇ ಗ್ರೀನ್ ಬ್ಯಾಂಕ್ ಸುತ್ತ ಸುಮಾರು 34,000 ಚದರ ಕಿಲೋಮೀಟರು ಮೌನವಲಯವಿದೆ. ಹೊಸದಾಗಿ ಸ್ಥಿರ ಪ್ರಸಾರಕ ಹಾಕುವವರು ಅಲ್ಲಿ ಮೊದಲು ದೂರದರ್ಶಕದವರೊಡನೆ ಮಾತಾಡಿಕೊಳ್ಳಬೇಕು. ನಮ್ಮಲ್ಲಿ ಇಂಥ ಮಾತುಕತೆ ತಡವಾಗಿ ಆಗುತ್ತದೆ. ಪುಣೆ–ನಾಸಿಕ್ ವೇಗದ ರೈಲಿನ ನಕ್ಷೆಯನ್ನೇ ನೋಡಿ. ಮೊದಲ ನಕ್ಷೆಯಲ್ಲಿ ದಾರಿ ನಾರಾಯಣಗಾಂವ್ ಮೇಲೆ, ಬಟ್ಟಲುಗಳ ಹತ್ತಿರವೇ ಹಾಯುತ್ತಿತ್ತು. ವಿದ್ಯುತ್ ರೈಲು ಕಿಡಿ ಹಾರಿಸಿದರೆ ಆ ಕಿಡಿಯೂ ರೇಡಿಯೋ ಸದ್ದೇ. ವಿಜ್ಞಾನಿಗಳು ಆಕ್ಷೇಪಿಸಿದ ಮೇಲೆ 2024–25ರಲ್ಲಿ ದಾರಿಯನ್ನು ಶಿರಡಿಯ ಕಡೆ ತಿರುಗಿಸುವ ಮಾತು ಬಂತು. ಜುನ್ನರಿನ ಜನಕ್ಕೆ ಕೈಗೆ ಬಂದ ರೈಲು ತಪ್ಪಿದ ಸಂಕಟ. ನಮ್ಮ ದ್ರಾಕ್ಷಿ ಮಾರುವವನು ಆ ಊರಿನವನೇ. "ನಕ್ಷತ್ರಕ್ಕೆ ರೈಲು ಬೇಡವಂತೆ, ನಮಗೆ ಬೇಕಲ್ಲ" ಎಂದು ಕೇಳಿದ. ನಮಗೆ ಅವನ ಮುಖ ನೋಡಲಾಗಲಿಲ್ಲ. ಗೆರೆ ಎಳೆಯುವ ಮೊದಲೇ ಕೇಳಿದ್ದರೆ ಅವನಿಗೆ ಆಸೆ ತೋರಿಸಿ ಕಸಿಯಬೇಕಾಗಿರಲಿಲ್ಲ.

ನೆಲದ ಜಗಳ ಹೇಗೋ ತೀರೀತು. ಈಗ ತಲೆಯ ಮೇಲೆ ಉಪಗ್ರಹಗಳು ಬಂದಿವೆ. ಅವಕ್ಕೆ ಗುಡ್ಡ ಅಡ್ಡಬರುವುದಿಲ್ಲ, ಕಾಡು ಅಡ್ಡಬರುವುದಿಲ್ಲ. ಸ್ಟಾರ್‌ಲಿಂಕ್ ಉಪಗ್ರಹಗಳು ತಮಗೆ ಕೊಟ್ಟ ಅಲೆಗಳಲ್ಲಿ ಮಾತಾಡುವುದಲ್ಲದೆ, ಒಳಗಿನ ಯಂತ್ರಗಳಿಂದ 110ರಿಂದ 188 ಮೆಗಾಹರ್ಟ್ಸ್ ನಡುವೆ ಸದ್ದು ಸೋರಿಸುತ್ತಿವೆ ಎಂದು ನೆದರ್ಲೆಂಡ್ಸ್‌ನ ಲೋಫಾರ್ ದೂರದರ್ಶಕದಿಂದ 2023ರಲ್ಲಿ ತಿಳಿದುಬಂತು. ಮುಂದಿನ ಪೀಳಿಗೆಯವು 32 ಪಟ್ಟಿನವರೆಗೂ ಜೋರು ಎಂದು 2024ರಲ್ಲಿ ಹೇಳಿದರು. ಬೇಕೆಂದು ಆಡಿದ ಮಾತಿಗೆ ಕಾನೂನಿದೆ, ಉಪಗ್ರಹದ ಹೊಟ್ಟೆಯ ಗುರುಗುರುವಿಗೆ ಇಲ್ಲ. ದೂರದರ್ಶಕಗಳ ಮೌನವಲಯಗಳನ್ನು ಉಪಗ್ರಹಗಳಿಂದ ಕಾಯುವುದು ಹೇಗೆಂಬ ಪ್ರಶ್ನೆಯನ್ನು ಒಕ್ಕೂಟ 2027ರ ಸಮ್ಮೇಳನದ ಕಾರ್ಯಸೂಚಿಗೆ ಸೇರಿಸಿದೆ. ಅದೇ ಕಂಪನಿಗೆ 2025ರಲ್ಲಿ ಭಾರತದ ಪರವಾನಗಿಯೂ ದೊರೆತಿದೆ. ಟವರಿಗೆ ನಷ್ಟವೆಂದವರು ತಲುಪದ ನಮ್ಮ ದಡವನ್ನು ಮೇಲಿನಿಂದ ಮುಟ್ಟಬಲ್ಲವು ಇಂಥ ಉಪಗ್ರಹಗಳೇ. ಬೇಡ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಸೋರದಂತೆ ಮಾಡಿ ಕಳಿಸಿ ಎನ್ನಲಾದರೂ ಬರಬೇಕು.

ಖೋಡದ್‌ನಿಂದ ಹೊರಟು ಹೆದ್ದಾರಿ ಸೇರುವವರೆಗೂ ನಮ್ಮ ಫೋನುಗಳು ಆರಿಯೇ ಇದ್ದವು. ಹಚ್ಚಿದ ಕೂಡಲೇ ಮಗಳದ್ದು ಟಣಟಣ ಶುರುವಾಯಿತು. ಅಮ್ಮ ತಮ್ಮ ಹಳೆಯ ಫೋನನ್ನು ಸೆರಗಿನಲ್ಲಿ ಒರೆಸಿ ಕೈಗೆ ಕೊಟ್ಟು, "ಊರಿಗೊಂದು ಹಚ್ಚಿ ಕೊಡಿ, ಸಿಕ್ರೆ ಸಿಕ್ತು" ಎಂದರು. ಹಚ್ಚಿದೆವು. ವ್ಯಾಪ್ತಿಪ್ರದೇಶದ ಹೊರಗಿದ್ದಾರೆ ಎಂದಳು ಒಳಗಿನ ಹೆಂಗಸು. "ಗುಡ್ಡ ಹತ್ತೋ ಹೊತ್ತಾಗಿಲ್ಲ ಅವ್ರಿಗೆ, ಸಂಜೆ ಮಾಡೋಣ" ಎಂದು ಅಮ್ಮ ಫೋನನ್ನು ವಾಪಸು ತೆಗೆದುಕೊಂಡು ಚೀಲಕ್ಕೆ ಹಾಕಿದರು.