ಕಲ್ಲು ಕೆಲಸದವರ ದಮ್ಮು ಒಮ್ಮೆಲೇ ಜಾಸ್ತಿಯಾದರೆ ಕಾಯಬೇಡಿ

ಟೇಕಲ್ ಕಡೆಯವರಿಗೆ ಕಲ್ಲಿನ ಬಗ್ಗೆ ನಾವು ಹೇಳಬೇಕಾಗಿಲ್ಲ. ಚಪ್ಪಡಿ, ಕಂಬ, ಸೈಜುಗಲ್ಲು ತೆಗೆದವರ ದುಡಿಮೆಯಲ್ಲೇ ನಮ್ಮಲ್ಲಿ ಕೆಲವರು ಡಿಗ್ರಿ ಮುಗಿಸಿದ್ದು. ಆ ದುಡಿದವರು ಈಗ ಏರು ಹತ್ತುವಾಗ ಅರ್ಧದಲ್ಲೇ ಕೂತುಬಿಡುತ್ತಾರೆ. ‘ವಯಸ್ಸಾಯ್ತು’ ಅಂತ ನಾವೂ ಸುಮ್ಮನಾಗುತ್ತೇವೆ.

ಎಲ್ಲವೂ ವಯಸ್ಸಿನದಲ್ಲ. ನಮ್ಮ ಬಂಡೆಗಳಲ್ಲಿ ಸಿಲಿಕಾ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ದೂಳು ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ. ಅದರ ಸುತ್ತ, ಗಾಯ ಮಾಗಿದ ಜಾಗದ ಹಾಗೆ, ಗಟ್ಟಿ ಕಲೆ ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ. ಕೆಲಸ ಬಿಟ್ಟ ಮೇಲೂ ಕಾಯಿಲೆ ಬೆಳೆಯಬಹುದು.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ. 1940ರ ದಶಕದಲ್ಲಿ ಕೆಜಿಎಫ್ ಚಿನ್ನದ ಗಣಿಯ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಆ ಗಣಿಗೆ ಕಂಪನಿ ಆಸ್ಪತ್ರೆಯಾದರೂ ಇತ್ತು. ಲೋಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ಕಲ್ಲು ಕುಟಿಗರ ಎಕ್ಸ್‌ರೇ ಯಾರು ತೆಗೆಸುತ್ತಾರೆ?

ಈ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಹೋಗುತ್ತದೆ. ಆಮೇಲೆ ಒಮ್ಮೆಲೇ ಕೆರಳಬಹುದು. ಹೋದ ವಾರ ಟೀ ಅಂಗಡಿವರೆಗೆ ನಡೆದವರಿಗೆ ಈ ವಾರ ಬಚ್ಚಲಿಗೆ ಹೋಗಲೂ ಆಗುವುದಿಲ್ಲ. ಮನೆಯವರು ನೆಗಡಿ ಅಂದುಕೊಂಡು ಮೆಡಿಕಲ್ ಶಾಪಿನ ಸಿರಪ್ಪು, ಒಂದು ಇಂಜೆಕ್ಷನ್ನು ಅಂತ ನಾಲ್ಕೈದು ದಿನ ಕಳೆಯುತ್ತಾರೆ. ಹೋಗುವ ಜೀವ ಹೋಗುವುದು ಈ ನಾಲ್ಕೈದು ದಿನದಲ್ಲೇ.

ಕೆರಳಲು ಹಲವು ಕಾರಣ ಇರಬಹುದು. ನ್ಯುಮೋನಿಯಾ ಆಗಿರಬಹುದು. ಟಿಬಿ ಇರಬಹುದು, ಸಿಲಿಕೋಸಿಸ್ ಇದ್ದವರಿಗೆ ಅದು ಬೇರೆಯವರಿಗಿಂತ ಬೇಗ ತಗಲುತ್ತದೆ. ಶ್ವಾಸಕೋಶದಲ್ಲಿ ತೂತಾಗಿ ಎದೆಯೊಳಗೆ ಗಾಳಿ ಸೋರಿರಬಹುದು. ಆಗ ಒಂದು ಪಕ್ಕ ತಟ್ಟನೆ ನೋವು ಬರುತ್ತದೆ. ಈ ಮೂರಕ್ಕೂ ಚಿಕಿತ್ಸೆ ಇದೆ.

ಕೆಲವೊಮ್ಮೆ ಯಾವ ಕಾರಣವೂ ಸಿಗದೆ ಕಲೆ ಕಟ್ಟಿದ ಶ್ವಾಸಕೋಶವೇ ಕೆರಳುತ್ತದೆ. ಐಪಿಎಫ್ ಅನ್ನುವ ಇದೇ ಜಾತಿಯ ಕಾಯಿಲೆಯಲ್ಲಿ ವೈದ್ಯರು ಇದನ್ನು ಹೆಚ್ಚು ನೋಡಿದ್ದಾರೆ. ಹಾಗೆ ಕೆರಳಿ ಆಸ್ಪತ್ರೆ ಸೇರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮನೆಗೆ ವಾಪಸ್ ಬರುವುದಿಲ್ಲ. ಬಂದವರಲ್ಲೂ ಹಲವರಿಗೆ ಉಳಿಯುವುದು ಕೆಲವೇ ತಿಂಗಳು. ಅದನ್ನು ಖಂಡಿತ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಓದಲು ಕಷ್ಟದ ಮಾತು, ಆದರೆ ಮುಚ್ಚಿಡುವ ಮಾತಲ್ಲ.

ಯಾವುದು ವಾಸಿಯಾಗುವಂಥದ್ದು, ಯಾವುದು ಅಲ್ಲ ಅಂತ ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ. ಹಾಗಾಗಿ ದಮ್ಮು ಜಾಸ್ತಿಯಾದ ದಿನವೇ ಹೊರಡಿ. ತುಟಿ ನೀಲಿಯಾದರೆ, ಮಾತಾಡಲು ಉಸಿರು ಸಾಲದಿದ್ದರೆ, ಬೆರಳಿಗೆ ಹಾಕುವ ಮೀಟರು 90ಕ್ಕಿಂತ ಕೆಳಗೆ ತೋರಿಸಿದರೆ 108ಕ್ಕೆ ಫೋನ್ ಮಾಡಿ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಎದೆರೋಗಕ್ಕೆಂದೇ ಸರ್ಕಾರಿ ರಾಜೀವ್ ಗಾಂಧಿ ಸಂಸ್ಥೆ ಇದೆ.

ಡಾಕ್ಟರ ಮುಂದೆ ಮೊದಲು ಹೇಳಬೇಕಾದ್ದು ಇದು: ‘ಇಷ್ಟು ವರ್ಷ ಕಲ್ಲು ಕೆಲಸ ಮಾಡಿದ್ದೀನಿ.’ ಅವರು ಕೇಳದಿದ್ದರೂ ಹೇಳಿ. ಕಫದ ಟಿಬಿ ಪರೀಕ್ಷೆ ಮಾಡಿ ಅನ್ನಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಚೆನ್ನಾಗಿರುವಾಗಲೇ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ವಿಚಾರಿಸಿ. ಬೀಡಿ ಬಿಡಲೇಬೇಕು.

ಹಳೆಯ ಎಕ್ಸ್‌ರೇ ಬಿಸಾಡಬೇಡಿ. ಹೊಸದರ ಪಕ್ಕ ಇಟ್ಟು ನೋಡಿದರೆ ಹಳೇ ಕಲೆ ಯಾವುದು, ಈಗ ಬಂದದ್ದು ಯಾವುದು ಅಂತ ಗೊತ್ತಾಗುತ್ತದೆ. ಕಾರ್ಮಿಕರ ಪರಿಹಾರ ಕಾನೂನಿನ ಪಟ್ಟಿಯಲ್ಲಿ ಸಿಲಿಕೋಸಿಸ್ ಕೂಡ ಇದೆ. ಪರಿಹಾರ ಕೇಳಲು ಹೋದಾಗ ಆ ಎಕ್ಸ್‌ರೇ, ಕೂಲಿ ಕೊಟ್ಟ ಚೀಟಿ ಎರಡೂ ಬೇಕಾಗುತ್ತವೆ. ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಅವನ್ನೂ ಇಡಿ.