ಮಗುವಿನ ಶಾಲೆಯನ್ನು ಆರಿಸುವಾಗ

ಮನೆಗೆ ಸೊಸೆ ತರುವಾಗ ಹತ್ತು ಕಡೆ ವಿಚಾರಿಸುವ ನಾವು, ಎಳೆಯ ಕೂಸನ್ನು ಶಾಲೆಗೆ ಒಪ್ಪಿಸುವಾಗ ಕಟ್ಟಡದ ಎತ್ತರವನ್ನಷ್ಟೇ ನೋಡುತ್ತೇವೆ. ಈ ತಪ್ಪನ್ನು ನಾವೂ ಮಾಡಿದೆವು. ಮುಚ್ಚಿಡದೆ ಹೇಳಿದರೆ ನಾಲ್ಕು ಮನೆಗಳಿಗಾದರೂ ಉಪಯೋಗವಾದೀತೆಂದು ಈ ಬರಹ.

ಮೊಮ್ಮಗಳಿಗೆ ಮೂರೂವರೆ ವರ್ಷವಾದಾಗ ಹೆಸರುವಾಸಿಯಾದ ಶಿಶುವಿಹಾರವೊಂದಕ್ಕೆ ಸೇರಿಸಿದೆವು. ಶುಲ್ಕ ಹೆಚ್ಚಾದುದರಿಂದಲೇ ಶಿಕ್ಷಣವೂ ಶ್ರೇಷ್ಠವೆಂದು ನಂಬಿದೆವು. ಅಲ್ಲಿ ದಿನವೂ ಎರಡು ಪುಟ ಬರವಣಿಗೆ. ಕನ್ನಡ ಆಡಿದರೆ ಗದರಿಕೆ. ಬೆಳಗಿನ ಲಿಂಗಪೂಜೆಯ ಹೊತ್ತಿಗೆ ಬಳಿ ಕುಳಿತು ನೂರು ಪ್ರಶ್ನೆ ಕೇಳುತ್ತಿದ್ದ ಕೂಸು ಮೂರು ತಿಂಗಳಲ್ಲಿ ಮಾತನ್ನೇ ಕಡಿಮೆ ಮಾಡಿತು. ಒಂದು ದಿನ ಪೂಜೆ ಮುಗಿಸಿ ಕಣ್ತೆರೆದಾಗ, "ಅಜ್ಜಾ, ನಾ ಇಲ್ಲಿ ಕನ್ನಡದಾಗ ಮಾತಾಡ್ಲೇನು?" ಎಂದು ಪಿಸುಗುಟ್ಟಿದಳು. ನಮ್ಮ ಎದೆ ಧಸಕ್ಕೆಂದಿತು. ಹನ್ನೆರಡನೆಯ ಶತಮಾನದಲ್ಲಿ ಜನರಾಡುವ ನುಡಿಯಲ್ಲಿಯೇ ಶಿವಾನುಭವವನ್ನು ಹೇಳಿದ ಶರಣರ ಮನೆಯಲ್ಲಿ ಮಗುವಿಗೆ ಈ ಸಂಶಯ!

"ಕಟ್ಟಿದ ಹಣ ಹೋಗುತ್ತದೆ, ಜನ ಏನೆಂದಾರು?" ಎಂದು ಮಗ ಹಿಂಜರಿದ. ಅವನನ್ನು ಅಲ್ಲಿಗೆ ಸೇರಿಸಲು ಒತ್ತಾಯಿಸಿದವರೂ ನಾವೇ ಆದುದರಿಂದ ತಪ್ಪೊಪ್ಪಿಕೊಂಡು ಬಿಡಿಸಿದೆವು. ಮುಂದೆ ಒಂದನೆಯ ತರಗತಿಗೆ ಹುಡುಕುವಾಗ ಬೇರೆಯೇ ಕಣ್ಣಿನಿಂದ ನೋಡಿದೆವು. ಶಿಕ್ಷಕಿ ಮಗುವಿನೊಡನೆ ಬಗ್ಗಿ ಮಾತನಾಡುವರೋ, ನಿಂತು ಗದರುವರೋ? ಕುಡಿಯುವ ನೀರು, ಶೌಚಾಲಯ ಶುಚಿಯಾಗಿವೆಯೇ? ಆಡಲು ಮಣ್ಣಿನ ನೆಲವಿದೆಯೇ? ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ಕಿರಿಯ ತರಗತಿಗಳಲ್ಲಿ ೩೦ ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆನ್ನುತ್ತದೆ. ದೈಹಿಕ ಶಿಕ್ಷೆಯನ್ನೂ, ಪ್ರವೇಶಕ್ಕಾಗಿ ಮಗುವನ್ನೋ ಪಾಲಕರನ್ನೋ ಪರೀಕ್ಷಿಸುವುದನ್ನೂ ನಿಷೇಧಿಸುತ್ತದೆ. ಇದನ್ನರಿತವರು ಶಾಲೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಇಂಗ್ಲಿಷು ಬೇಡವೆಂಬುದು ನಮ್ಮ ಮಾತಲ್ಲ. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಸಪ್ತರ್ಷಿಗಳು ಆರಂಭಿಸಿದುದೂ ಇಂಗ್ಲಿಷನ್ನೂ ದೇಶಭಾಷೆಯನ್ನೂ ಕಲಿಸುವ ಶಾಲೆಯನ್ನೇ. ಕಲಿಕೆ ಬೇಕು, ಕಲಿಕೆಗಾಗಿ ಮಾತೃಭಾಷೆಯ ಬಗ್ಗೆ ನಾಚಿಕೆ ಬೇಡ. ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ತೀರ್ಪಿತ್ತಿತು. ಆಯ್ಕೆ ನಮ್ಮದಾಯಿತು, ಅದರೊಡನೆ ಹೊಣೆಯೂ ನಮ್ಮದೇ.

ಕೊನೆಗೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ, ಹಂಚಿನ ಮಾಡಿನ ಸಾಧಾರಣ ಕನ್ನಡ ಶಾಲೆಯೊಂದನ್ನು ಆರಿಸಿದೆವು. ಇಂಗ್ಲಿಷನ್ನೂ ಅಲ್ಲಿ ಅಕ್ಕರೆಯಿಂದ ಕಲಿಸುತ್ತಾರೆ. ಮೊದಮೊದಲು ಬೀಗರ ಮುಂದೆ ಶಾಲೆಯ ಹೆಸರು ಹೇಳಲು ನಮಗೇ ಸಂಕೋಚವಾಗುತ್ತಿತ್ತು. ಈಗಿಲ್ಲ. ಮೊನ್ನೆ ಪೂಜೆಯ ಹೊತ್ತಿಗೆ ಕೂಸು ಬಂದು, "ಅಜ್ಜಾ, ಲಿಂಗಕ್ಕೂ ಹಸಿವಾಗತೈತೇನು?" ಎಂದು ಕೇಳಿದಳು. ಉತ್ತರ ಹೊಳೆಯದಿದ್ದರೂ ಮನಸ್ಸು ತುಂಬಿತು. ಮಗು ಮತ್ತೆ ಪ್ರಶ್ನೆ ಕೇಳುತ್ತಿದೆಯಲ್ಲ, ಅಷ್ಟು ಸಾಕು.